ರಷ್ಯಾದ ಹಕ್ಕಿ, ಸೊರಬದ ಮಂಗ: ಅರವತ್ತು ವರ್ಷ ಮೀರಿದ ಒಂದು ಅನುಮಾನ

ಅಡಿಕೆ ಕೊಯ್ಲು ಮುಗಿಯುತ್ತಾ ಬಂದು ಕಾಡಿನಲ್ಲಿ ದರಗು ಬೀಳತೊಡಗಿದರೆ ನಮ್ಮ ಕಡಹಿನಬೈಲು ಕಡೆ ಎರಡು ವಿಷಯ ಶುರುವಾಗುತ್ತವೆ. ಒಂದು, ಆಶಾ ಕಾರ್ಯಕರ್ತೆಯರು ಡೆಪಾ ಎಣ್ಣೆ ಹಿಡಿದು ಬರುವುದು. ಇನ್ನೊಂದು, ಮಂಗನ ಕಾಯಿಲೆ ಎಲ್ಲಿಂದ ಬಂತು ಎಂಬ ಹಳೇ ಚರ್ಚೆ.

ಹೋದ ಸಲ ಅಂಗಡಿ ಕಟ್ಟೆಯ ಮೇಲೆ ಹಿರಿಯರೊಬ್ಬರು ಕೇಳಿದರು: "ಅಲ್ಲ ಮಾರಾಯ, ನೀನು ಪೇಪರು ಓದಿದವನು. ಈ ಕಾಯಿಲೆ ತಂದದ್ದು ರಷ್ಯಾದ ಹಕ್ಕಿ ಅಂತಾರಲ್ಲ, ನಿಜವಾ?" ಪಕ್ಕದಲ್ಲಿದ್ದವರು ಬಿಡಲಿಲ್ಲ. "ಹಕ್ಕಿ ಅಲ್ಲ ಅಣ್ಣ, ಅಮೇರಿಕದವರು ಬಿಟ್ಟದ್ದು."

ಎರಡೂ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಎರಡರ ಹಿಂದೆಯೂ ದಾಖಲೆ ಇದೆ, ದೊಡ್ಡ ದೊಡ್ಡ ಹೆಸರುಗಳಿವೆ, ಲೋಕಸಭೆಯ ಸಮಿತಿಯ ವರದಿಯೂ ಇದೆ. ಆದರೆ ದಾಖಲೆ ಹೇಳುವುದು ಒಂದು, ಕಟ್ಟೆಯ ಮೇಲೆ ಉಳಿದದ್ದು ಇನ್ನೊಂದು. ಅದನ್ನು ಮೊದಲಿನಿಂದ ಹೇಳುತ್ತೇನೆ.

1957ರ ಮಾರ್ಚ್. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಕಪ್ಪು ಮೂತಿಯ ಮುಸುವ ಹೆಚ್ಚು, ಕೆಂಪು ಮಂಗವೂ ಸೇರಿತ್ತು. ಅದೇ ಸಮಯಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಜನ ಜೋರು ಜ್ವರ, ತಲೆಸಿಡಿತ, ಮೈಕೈ ನೋವಿನಿಂದ ಮಲಗಿದ್ದರು. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಮೊದಲು ಟೈಫಾಯ್ಡ್ ಇರಬಹುದು ಎಂದುಕೊಂಡರು. ಮಂಗ ಸಾಯುತ್ತಿವೆ ಎಂಬ ಸುದ್ದಿ ಪುಣೆ ತಲುಪಿದಾಗ ಮಾತ್ರ ಅಲ್ಲಿನವರ ಎದೆ ಧಸಕ್ಕೆಂದಿತು.

ಪುಣೆಯಲ್ಲಿ 1952ರಿಂದ ವೈರಸ್ ಸಂಶೋಧನಾ ಕೇಂದ್ರ ಇತ್ತು. ಅಮೇರಿಕದ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ್ದು. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ದಕ್ಷಿಣ ಅಮೇರಿಕದ ಕಾಡುಗಳಲ್ಲಿ ಮಂಗ ಸತ್ತು ಜನರಿಗೆ ಜ್ವರ ಬಂದರೆ ಅದು ಹಳದಿ ಜ್ವರ ಎಂದು ಅವರು ಬಲ್ಲರು. ಹಳದಿ ಜ್ವರ ಭಾರತಕ್ಕೆ ಬಂದೇ ಇಲ್ಲ. ಅದನ್ನು ಹರಡುವ ಜಾತಿಯ ಸೊಳ್ಳೆ ಮಾತ್ರ ಇಲ್ಲಿ ಬೇಕಾದಷ್ಟಿದೆ. ಬಂದರೆ ಗತಿ ಏನು? ಟೆಲ್‌ಫೋರ್ಡ್ ವರ್ಕ್ ಎಂಬ ವೈದ್ಯರ ತಂಡ ಕೂಡಲೇ ಸೊರಬಕ್ಕೆ ಹೊರಟಿತು.

ಸತ್ತ ಮಂಗದಿಂದಲೂ ಕಾಯಿಲೆಯವರ ರಕ್ತದಿಂದಲೂ ಅವರಿಗೆ ಒಂದೇ ವೈರಸ್ ಸಿಕ್ಕಿತು. ಹಳದಿ ಜ್ವರದ್ದಲ್ಲ. ಹೋಲಿಸಿ ನೋಡಿದರೆ ಅದರ ನೆಂಟಸ್ತಿಕೆ ಇದ್ದದ್ದು ಸಾವಿರಾರು ಮೈಲಿ ಆಚೆಯ ಸೋವಿಯತ್ ರಷ್ಯಾದಲ್ಲಿ. ಅಲ್ಲಿ 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ಪೂರ್ವದ ಕಾಡುಗಳಲ್ಲಿ ಒಂದು ಮಿದುಳು ಜ್ವರದ ವೈರಸ್ ಕಂಡುಹಿಡಿದಿತ್ತು. ಹರಡುವುದು ಉಣುಗಿನಿಂದ. ಮರ ಕಡಿಯುವವರು, ಸೈನಿಕರು ಅದಕ್ಕೆ ಬಲಿಯಾಗಿದ್ದರು. ಸೈಬೀರಿಯಾದ ಓಮ್ಸ್ಕ್‌ನಲ್ಲಿ 1940ರ ದಶಕದಲ್ಲಿ ಕಂಡ ರಕ್ತಸ್ರಾವದ ಜ್ವರವೂ ಅದೇ ಕುಟುಂಬದ್ದು. ಸೊರಬದಲ್ಲೂ ಹರಡುತ್ತಿದ್ದುದು ಉಣುಗೇ. ವರ್ಕ್ 1958ರಲ್ಲಿ ಬರೆದ ಲೇಖನದ ತಲೆಬರಹದಲ್ಲೇ ಭಾರತದಲ್ಲಿ ರಷ್ಯಾದ ವೈರಸ್ ಎಂಬ ಅರ್ಥದ ಮಾತಿತ್ತು.

ಹಾಗಾದರೆ ಸೈಬೀರಿಯಾದ ಸಂಬಂಧಿಕ ಮಲೆನಾಡಿಗೆ ಬಂದದ್ದು ಹೇಗೆ? ರೈಲಿಲ್ಲ, ಹಡಗಿಲ್ಲ, ನಡುವೆ ಹಿಮಾಲಯ. ಆದರೆ ಪ್ರತಿ ವರ್ಷ ಹಿಮಾಲಯ ದಾಟಿ ಬರುವ ಒಂದು ಜೀವ ಇದೆಯಲ್ಲ. ಅನುಮಾನ ಹಕ್ಕಿಗಳ ಮೇಲೆ ಹೋಯಿತು.

ಇದು ದಡ್ಡ ಅನುಮಾನ ಆಗಿರಲಿಲ್ಲ ಎಂದು ಹೇಳಲೇಬೇಕು. ನಮ್ಮ ತೋಟದ ಕಪ್ಪಿನ ನೀರಿನ ಬದಿಯಲ್ಲಿ ಚಳಿಗಾಲದಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬೂದು ಕುಂಡೆಕುಸ್ಕ ಹಕ್ಕಿಯನ್ನು ನೋಡಿ. ಮಳೆ ಮುಗಿದ ಮೇಲೆ ಬರುತ್ತದೆ, ಬೇಸಿಗೆಗೆ ಹೋಗುತ್ತದೆ. ಅದು ಮರಿ ಮಾಡುವುದು ಹಿಮಾಲಯದಲ್ಲಿ, ಅದರಾಚೆಯ ಉತ್ತರದ ನಾಡುಗಳಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಹಾಗೇ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳನ್ನು ಕರ್ನಾಟಕದ ಕೆರೆಗಳಲ್ಲಿ ಕಂಡವರಿದ್ದಾರೆ. ಹಕ್ಕಿ ಬರುವುದು ಅಕ್ಟೋಬರ್ ಸುಮಾರಿಗೆ. ಕಾಯಿಲೆ ಏಳುವುದು ಡಿಸೆಂಬರ್‌ನಿಂದ ಮೇ ತನಕ. ಲೆಕ್ಕ ಸರಿಹೊಂದುವಂತೆಯೇ ಕಾಣುತ್ತದೆ.

ಇನ್ನೊಂದು ಸುಳಿವೂ ಇತ್ತು. ಕ್ಯಾಸನೂರಿಗಿಂತ ಕೆಲವು ವರ್ಷ ಮೊದಲೇ ಪುಣೆಯವರು ದೇಶದ ಬೇರೆ ಬೇರೆ ಕಡೆ ಜನರ ರಕ್ತ ಪರೀಕ್ಷಿಸಿದ್ದರು. ಗುಜರಾತಿನ ಕಛ್ ಮತ್ತು ಸೌರಾಷ್ಟ್ರದ ಕೆಲವರ ರಕ್ತದಲ್ಲಿ ಈ ರಷ್ಯಾ ಗುಂಪಿನ ವೈರಸ್‌ಗೆ ಎದುರಾಗಿ ದೇಹ ಹುಟ್ಟಿಸಿದ ಪ್ರತಿಕಾಯ ಕಂಡಿತ್ತು. ಕಛ್ ಎಂದರೆ ಉತ್ತರದಿಂದ ಬರುವ ಹಕ್ಕಿಗಳಿಗೆ ಹೆಬ್ಬಾಗಿಲು.

ಇಲ್ಲಿ ಸಲೀಂ ಅಲಿ ಬರುತ್ತಾರೆ. ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಬೇಕೆಂಬುದು ಅವರ ಬಹುಕಾಲದ ಆಸೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಅಷ್ಟು ದುಡ್ಡು ಎಲ್ಲಿ? ಕ್ಯಾಸನೂರಿನ ಕಾಯಿಲೆ ಆ ಬಾಗಿಲು ತೆರೆಯಿತು. ಹಕ್ಕಿಗಳು ವೈರಸ್ ಹೊರುತ್ತವೆಯೇ ಎಂದು ನೋಡಬೇಕಿದ್ದ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. 1959ರಲ್ಲಿ ಸೊಸೈಟಿಯ ಹಕ್ಕಿ ವಲಸೆ ಅಧ್ಯಯನ ಶುರುವಾಯಿತು. ಕಛ್‌ನಲ್ಲಿ, ರಾಜಸ್ಥಾನದ ಭರತಪುರದಲ್ಲಿ, ಹೀಗೆ ಹಲವು ಕಡೆ ಬಲೆ ಹಾಕಿ ಹಕ್ಕಿ ಹಿಡಿದರು. ಕಾಲಿಗೆ ಉಂಗುರ, ಮೈಮೇಲಿನ ಉಣುಗು ಡಬ್ಬಿಗೆ, ಒಂದಿಷ್ಟು ರಕ್ತ ಸೀಸೆಗೆ, ಹಕ್ಕಿ ಮತ್ತೆ ಆಕಾಶಕ್ಕೆ. ಉಂಗುರದ ಮೇಲೆ ಬಾಂಬೆಯ ಸೊಸೈಟಿಗೆ ತಿಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಆ ಉಂಗುರಗಳು ಸೋವಿಯತ್ ನಾಡಿನಲ್ಲಿ ಸಿಕ್ಕಿ ವಾಪಸ್ ಸುದ್ದಿ ಬಂದವು.

ಕಾಯಿಲೆಯಿಂದಾಗಿ ನಮ್ಮ ದೇಶದ ಹಕ್ಕಿ ವಿಜ್ಞಾನಕ್ಕೆ ಇಷ್ಟು ಲಾಭವಾಯಿತು ಎಂಬುದು ವಿಚಿತ್ರ. ಸೊರಬದಲ್ಲಿ ಸತ್ತವರ ಮನೆಯವರಿಗೆ ಈ ವಿಷಯ ಯಾರಾದರೂ ಹೇಳಿದ್ದರೋ ಇಲ್ಲವೋ.

ಅಮೇರಿಕ ಕಥೆಗೆ ಸೇರಿಕೊಂಡದ್ದು ಸ್ವಲ್ಪ ತಡವಾಗಿ. 1960ರ ದಶಕದಲ್ಲಿ ಪೂರ್ವ ಏಷ್ಯಾದ ಹಕ್ಕಿಗಳ ಮೇಲೆ ಇಂಥದೇ ದೊಡ್ಡ ಅಧ್ಯಯನವೊಂದು ನಡೆಯುತ್ತಿತ್ತು. ಕೇಂದ್ರ ಬ್ಯಾಂಕಾಕ್, ಮುಖ್ಯಸ್ಥರು ಎಲಿಯಟ್ ಮೆಕ್ಲೂರ್, ಹಣ ಅಮೇರಿಕದ ಸೇನೆಯದ್ದು. ಬಾಂಬೆ ಸೊಸೈಟಿ ಅದರ ಜೊತೆಗೂ ಕೈಜೋಡಿಸಿತು. ಶೀತಲ ಸಮರದ ಕಾಲ. ಪಕ್ಕದಲ್ಲೇ ವಿಯೆಟ್ನಾಂ ಯುದ್ಧ. ಸೋವಿಯತ್ ದೇಶದಿಂದ ಭಾರತಕ್ಕೆ ಬಂದು ಹೋಗುವ ಹಕ್ಕಿಯ ಮೈಮೇಲೆ ಯಾವ ರೋಗ ಎಷ್ಟು ದೂರ ಹೋಗುತ್ತದೆ ಎಂಬ ಲೆಕ್ಕ ಸೇನೆಗೆ ಯಾಕೆ ಬೇಕು? ಕೇಳಬೇಕಾದ ಪ್ರಶ್ನೆಯೇ. 1974ರಲ್ಲಿ ಅದು ಪತ್ರಿಕೆಗಳಲ್ಲಿ ಬಂತು. ದೆಹಲಿ ಕಡೆಯ ಸೊಳ್ಳೆ ಪ್ರಯೋಗ ಒಂದು, ಈ ಹಕ್ಕಿ ಅಧ್ಯಯನ ಇನ್ನೊಂದು, ಇವೆಲ್ಲ ಜೈವಿಕ ಯುದ್ಧದ ತಯಾರಿ ಇರಬಹುದೇ ಎಂದು ಗದ್ದಲವೆದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ವಿದೇಶಿ ನೆರವಿನ ಸಂಶೋಧನೆಗಳ ಬಗ್ಗೆ ಕಟುವಾದ ವರದಿ ಕೊಟ್ಟಿತು. ಸೊಳ್ಳೆ ಯೋಜನೆ ಮುಚ್ಚಿತು. ಸಲೀಂ ಅಲಿಯವರು ಹೆಸರಿಗೆ ಕಳಂಕ ಬಂತೆಂದು ನೊಂದರು. 1985ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಈ ಅಧ್ಯಯನದ ಬಗ್ಗೆ ಬರೆದಿದ್ದಾರೆ.

ನಮ್ಮ ಕಟ್ಟೆಯ "ಅಮೇರಿಕದವರು ಬಿಟ್ಟದ್ದು" ಎಂಬ ಮಾತಿನ ಬೇರು ಇಲ್ಲಿದೆ. ಸೇನೆಯ ದುಡ್ಡು ಬಂದದ್ದು ನಿಜ. ಜನರಿಗೆ ಮೊದಲೇ ಸರಿಯಾಗಿ ಹೇಳದೆ ಹೋದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ತಾರೀಕು ನೋಡಿ. ಕಾಯಿಲೆ 1957ರದ್ದು. ಹಕ್ಕಿಗೆ ಉಂಗುರ ಹಾಕತೊಡಗಿದ್ದು ಅದರ ಎರಡು ವರ್ಷದ ನಂತರ, ಸೇನೆಯ ಹಣ ಅದಕ್ಕೂ ಆಮೇಲೆ. ಮಂಗ ಸತ್ತದ್ದಕ್ಕೆ ಅಧ್ಯಯನ ಹುಟ್ಟಿತೇ ಹೊರತು ಅಧ್ಯಯನದಿಂದ ಮಂಗ ಸಾಯಲಿಲ್ಲ.

ಇನ್ನು ಹಕ್ಕಿಯ ಮಾತು. ಅಷ್ಟು ಹಕ್ಕಿ ಹಿಡಿದು, ಅಷ್ಟು ಉಣುಗು ಕಿತ್ತು, ಕೊನೆಗೆ ಸೈಬೀರಿಯಾದಿಂದ ಕ್ಯಾಸನೂರಿಗೆ ವೈರಸ್ ಬಂದ ದಾರಿ ಸಿಕ್ಕಿತೇ? ಸಿಗಲಿಲ್ಲ. ಯಾಕೆ ಎಂಬುದಕ್ಕೆ ಉಣುಗಿನ ಬದುಕನ್ನು ಸ್ವಲ್ಪ ನೋಡಬೇಕು.

ನಮ್ಮ ಕಾಡಿನಲ್ಲಿ ಈ ವೈರಸ್ ಹೊರುವ ಮುಖ್ಯ ಉಣುಗಿನ ಹೆಸರು ಹೀಮಫೈಸಾಲಿಸ್ ಸ್ಪಿನಿಜೆರಾ. ಅದು ಸೈಬೀರಿಯಾದ್ದಲ್ಲ, ನಮ್ಮ ಕಡೆಯದ್ದೇ. ಜೀವನದಲ್ಲಿ ಮೂರು ಸಲ ರಕ್ತ ಹೀರುತ್ತದೆ, ಮೂರು ಸಲವೂ ಬೇರೆ ಬೇರೆ ಪ್ರಾಣಿಯದ್ದು. ಮಳೆಗಾಲ ಮುಗಿಯುವಾಗ ಮೊಟ್ಟೆಯೊಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ನೂರಾರು ಒಟ್ಟಿಗೆ ಹೊರಬರುತ್ತವೆ. ಇಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ, ಮಂಗ ಯಾವುದು ಸಿಕ್ಕಿದರೂ ಹತ್ತಿ ರಕ್ತ ಕುಡಿದು ಕೆಲವೇ ದಿನಕ್ಕೆ ನೆಲಕ್ಕೆ ಬೀಳುತ್ತವೆ. ಪೊರೆ ಕಳಚಿ ಎರಡನೇ ಹಂತಕ್ಕೆ ಬರುವುದು ಚಳಿಗಾಲದಲ್ಲಿ, ದರಗಿನ ನಡುವೆ. ಎಳ್ಳುಕಾಳಿನಷ್ಟಿರುವ ಈ ಎರಡನೇ ಹಂತದ ಮರಿಯೇ ಸೊಪ್ಪಿಗೆ, ಕಟ್ಟಿಗೆಗೆ ಹೋದವರನ್ನು ಕಚ್ಚುವುದು. ಡಿಸೆಂಬರ್‌ನಿಂದ ಕಾಯಿಲೆ ಏಳುವುದಕ್ಕೆ ಕಾರಣ ಇದು. ಹಕ್ಕಿ ಬರುವ ತಿಂಗಳಿಗೂ ಕಾಯಿಲೆಯ ತಿಂಗಳಿಗೂ ಲೆಕ್ಕ ಕೂಡಿಬಂದದ್ದು ಕಾಕತಾಳೀಯ. ಬೆಳೆದ ಉಣುಗು ಮಳೆಗಾಲದಲ್ಲಿ ದನದ ಮೈಗೆ ಹತ್ತುತ್ತದೆ, ಹೊಟ್ಟೆ ತುಂಬಾ ಕುಡಿದು ಕೆಳಗೆ ಬಿದ್ದು ಮೊಟ್ಟೆ ಇಡುತ್ತದೆ.

ಅಂದರೆ ಈ ಉಣುಗು ಒಂದೇ ಹಕ್ಕಿಯ ಮೇಲೆ ಕುಳಿತು ದೇಶ ದಾಟುವಂಥದ್ದಲ್ಲ. ವಾರದೊಳಗೆ ಇಳಿದುಬಿಡುತ್ತದೆ. ಕಾಡುಕೋಳಿ ಈ ಹಾಡ್ಯದಿಂದ ಆ ಹಾಡ್ಯಕ್ಕೆ ಒಯ್ಯಬಹುದು, ಅಷ್ಟು ನಿಜ.

ಹಾಗೆಂದು ಹಕ್ಕಿ ಉಣುಗು ಹೊತ್ತು ಗಡಿ ದಾಟುವುದೇ ಇಲ್ಲ ಎನ್ನಬೇಡಿ. ಬೇರೆ ಜಾತಿಯ ಉಣುಗು ದಾಟುತ್ತದೆ. ಹಯಲೋಮ ಎಂಬ ಗುಂಪಿನ ಕೆಲವು ಉಣುಗುಗಳು ಮೊದಲ ಎರಡು ಹಂತವನ್ನೂ ಒಂದೇ ಹಕ್ಕಿಯ ಮೇಲೆ ಕಳೆಯುತ್ತವೆ. ಎರಡು ವಾರಕ್ಕಿಂತ ಹೆಚ್ಚು ಅಲ್ಲೇ ಅಂಟಿಕೊಂಡಿರುತ್ತವೆ. ಅಷ್ಟರಲ್ಲಿ ಹಕ್ಕಿ ಸಹಾರಾ ಮರುಭೂಮಿ, ಮೆಡಿಟರೇನಿಯನ್ ಸಮುದ್ರ ಎರಡನ್ನೂ ದಾಟಿ ಯುರೋಪ್ ಸೇರಿರುತ್ತದೆ. ಸ್ಪೇನ್‌ನಲ್ಲಿ 2016ರಲ್ಲಿ ಕ್ರಿಮಿಯನ್-ಕಾಂಗೋ ಜ್ವರ ಸ್ಥಳೀಯವಾಗಿ ಕಾಣಿಸಿಕೊಂಡಾಗ ಅದರ ವೈರಸ್ ಆಫ್ರಿಕಾದ ತಳಿಗೆ ಹತ್ತಿರವಿತ್ತು. ಹಕ್ಕಿಗಳ ಮೇಲೆ ಬಂದಿರಬೇಕೆಂದು ವಿಜ್ಞಾನಿಗಳು ಊಹಿಸಿದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1990ರ ದಶಕದಲ್ಲಿ ಸೌದಿ ಅರೇಬಿಯಾದ ಜಿದ್ದಾ ಕಡೆ ಕಸಾಯಿ ಕೆಲಸದವರಿಗೆ ಒಂದು ಹೊಸ ಜ್ವರ ಬಂತು. ಅಲ್‌ಖುರ್ಮಾ ಎಂದು ಹೆಸರಾದ ಆ ವೈರಸ್ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ಖಾಸಾ ತಮ್ಮ. ಆಫ್ರಿಕಾದಿಂದ ಯುರೋಪಿಗೆ ಹೋಗುತ್ತಿದ್ದ ಹಕ್ಕಿಗಳ ಮೈಮೇಲಿನ ಹಯಲೋಮ ಉಣುಗಿನಲ್ಲಿ ಈ ಅಲ್‌ಖುರ್ಮಾದ ಕುರುಹು ಸಿಕ್ಕಿದ್ದು 2018ರಲ್ಲಿ ಪ್ರಕಟವಾಯಿತು. ಅಣ್ಣ ಇರುವುದು ಸಹ್ಯಾದ್ರಿಯಲ್ಲಿ, ತಮ್ಮ ಇರುವುದು ಅರಬ್ಬೀ ಸಮುದ್ರದ ಆಚೆ. ಇಬ್ಬರೂ ಬೇರೆಯಾದದ್ದು ಯಾವಾಗ? ವೈರಸ್ಸಿನ ವಂಶವಾಹಿ ಹೋಲಿಸಿ 2009ರಲ್ಲಿ ಬಂದ ಒಂದು ಅಧ್ಯಯನ ಕೆಲವೇ ದಶಕಗಳ ಹಿಂದೆ ಎಂದಿತ್ತು. 2011ರಲ್ಲಿ ಬಂದ ಇನ್ನೊಂದು ಸುಮಾರು 700 ವರ್ಷ ಎಂದಿತು. 700 ವರ್ಷ ಎಂದರೆ ವಿಜಯನಗರ ಹುಟ್ಟುವ ಮೊದಲಿನ ಮಾತು. ಆ ಲೆಕ್ಕ ಸರಿಯಾದರೆ ವೈರಸ್ ಕ್ಯಾಸನೂರಿಗೆ 1957ರಲ್ಲಿ ಹಾರಿ ಬಂದದ್ದಲ್ಲ, ಕಾಡಿನಲ್ಲಿ ತಲೆತಲಾಂತರದಿಂದ ಸದ್ದಿಲ್ಲದೆ ಇದ್ದದ್ದು.

ಹಾಗಿದ್ದರೆ 1957ರಲ್ಲಿ ಯಾಕೆ ಎದ್ದಿತು?

ಪುಣೆ ಕೇಂದ್ರದಲ್ಲಿ ಜಾರ್ಜ್ ಬೋಶೆಲ್ ಎಂಬ ಕೊಲಂಬಿಯಾ ದೇಶದ ವೈದ್ಯರಿದ್ದರು. ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರದ ಹಿಂದೆ ಓಡಾಡಿದವರು. ಅವರು 1969ರಲ್ಲಿ ಬರೆದದ್ದು ಹಕ್ಕಿಯ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಊರು ಬೆಳೆಯಿತು, ಗದ್ದೆಗೆ ಕಾಡು ಕಡಿದರು, ಕಡಿದ ಜಾಗದಲ್ಲಿ ಲಂಟಾನದಂಥ ಪೊದೆ ಎದ್ದಿತು, ದನ ಕಾಡಿನೊಳಗೆ ಮೇಯಲು ಹೋದವು. ಬೆಳೆದ ಉಣುಗಿಗೆ ದನ ಎಂದರೆ ಊಟದ ಮನೆ. ಉಣುಗು ಹೆಚ್ಚಾದವು, ಅಂಚಿನಲ್ಲಿ ಮಂಗ ಮತ್ತು ಮನುಷ್ಯ ಒಂದೇ ಕಡೆ ಓಡಾಡತೊಡಗಿದರು. ಸದ್ದಿಲ್ಲದೆ ಇಲಿ, ಉಣುಗಿನ ನಡುವೆ ಸುತ್ತುತ್ತಿದ್ದ ವೈರಸ್ ಮಂಗಕ್ಕೆ ಹತ್ತಿತು. ಸತ್ತು ಬಿದ್ದ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತಲೇ ಉಳಿದವು. ಅಲ್ಲಿಗೆ ಕಟ್ಟಿಗೆಗೆ ಹೋದವರಿಗೆ ಬಂತು.

ಇದನ್ನು ಗಟ್ಟಿಯಾಗಿ ತೋರಿಸಿದ್ದು ಬೆಳ್ತಂಗಡಿ. 1982–83ರಲ್ಲಿ ದಕ್ಷಿಣ ಕನ್ನಡದ ಪಟ್ರಮೆ, ನಿಡ್ಲೆ ಕಡೆ ಗೇರು ತೋಟಕ್ಕಾಗಿ ಕಾಡು ಸವರಿದ ಬೆನ್ನಿಗೇ ಕಾಯಿಲೆ ಎದ್ದಿತು. ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ಹಕ್ಕಿಗಳೇನೂ ಹೊಸದಾಗಿ ಬಂದಿರಲಿಲ್ಲ.

ರಷ್ಯಾದ ನೆಂಟಸ್ತಿಕೆಯ ನಂಬಿಕೆಗೆ ನಮ್ಮವರು ಇನ್ನೊಂದು ಬೆಲೆಯನ್ನೂ ತೆತ್ತರು. ರಷ್ಯಾದ ಮಿದುಳು ಜ್ವರಕ್ಕೆ ಲಸಿಕೆ ಇತ್ತು. ಎರಡೂ ಹತ್ತಿರದ ಸಂಬಂಧ, ಇದಕ್ಕೂ ಆದೀತು ಎಂದು ಶಿವಮೊಗ್ಗದ ಹಳ್ಳಿಗಳಲ್ಲಿ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ. ನಮ್ಮದೇ ವೈರಸ್ಸಿನಿಂದ ಮಾಡಿದ ಲಸಿಕೆ ಜನರಿಗೆ ಸಿಗತೊಡಗಿದ್ದು 1990ರ ಸುಮಾರಿಗೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. ಎರಡು ಡೋಸ್, ಆಮೇಲೆ ಬೂಸ್ಟರ್. 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಎರಡು ಡೋಸ್ ಪಡೆದವರಲ್ಲಿ ನೂರಕ್ಕೆ 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ 83ರಷ್ಟು. ಬೂಸ್ಟರ್‌ಗೆ ಬರುವವರೇ ಕಡಿಮೆ. ಸೂಜಿ ಚುಚ್ಚಿದ ಜಾಗ ಉರಿಯುತ್ತದೆ, ಮಾರನೇ ದಿನ ಕೂಲಿ ಹೋಗುತ್ತದೆ ಎಂದು ಹಿಂಜರಿದವರನ್ನು ನಾನೂ ಬಲ್ಲೆ. ಮುಂದೆ ಅದರ ಶಕ್ತಿಯೂ ಕುಂದಿತು. 2022ರಲ್ಲಿ ಲಸಿಕೆ ನಿಂತಿತು. ಹೊಸದರ ಕೆಲಸ ನಡೆದಿದೆ. ಸದ್ಯಕ್ಕೆ ಈ ಕಾಯಿಲೆಗೆಂದೇ ಇರುವ ಔಷಧವೂ ಇಲ್ಲ. ಬೇಗ ಆಸ್ಪತ್ರೆಗೆ ಹೋದರೆ ನೀರಿನಂಶ, ರಕ್ತಸ್ರಾವ ನೋಡಿಕೊಂಡು ಉಳಿಸುತ್ತಾರೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ಕಾಯಿಲೆಯವರ ಮನೆಗೆ ಹೋಗುವುದನ್ನು ಬಿಡಬೇಕಿಲ್ಲ.

ಗಡಿ ದಾಟುವ ಮಾತು ಬಂತಲ್ಲ, ಅದನ್ನು ಮುಗಿಸುತ್ತೇನೆ. ಬಹಳ ವರ್ಷ ಶಿವಮೊಗ್ಗದ ಸಾಗರ, ಸೊರಬ, ಶಿಕಾರಿಪುರದ ಸುತ್ತ ಇದ್ದ ಕಾಯಿಲೆ 1972ರ ನಂತರ ಹೊರಬಂತು. ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ನಮ್ಮ ಚಿಕ್ಕಮಗಳೂರು. 2012ರ ಕೊನೆಗೆ ಬಂಡೀಪುರ. ಅಲ್ಲಿ ಸತ್ತ ಮಂಗಗಳನ್ನು ಮುಟ್ಟಿ ಸುಟ್ಟ ಕೆಲಸಗಾರರಿಗೇ ಬಂತು. ಆಮೇಲೆ ನೀಲಗಿರಿ, ವಯನಾಡು, 2014ರಲ್ಲಿ ಮಲಪ್ಪುರಂ, 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಪಾಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ನಕ್ಷೆಯಲ್ಲಿ ಗುರುತು ಹಾಕಿದರೆ ಪಶ್ಚಿಮ ಘಟ್ಟದ ಬೆನ್ನಿನುದ್ದಕ್ಕೂ ಒಂದು ಗೆರೆ. ಅದು ಕಾಡಿನ ಗೆರೆ.

ಗೋವಾದ ಕಥೆಯಲ್ಲಿ ಗಡಿ ದಾಟಿದವರು ಯಾರು ಗೊತ್ತಾ? ಬೆಳಗಾವಿ ಜಿಲ್ಲೆಯಿಂದ ಗೇರುಬೀಜದ ಕೆಲಸಕ್ಕೆ ಹೋದ ಕೂಲಿಗಳು. ಗೋವಾದ ಗೇರು ತೋಟದಲ್ಲಿ ಉಣುಗು ಕಚ್ಚಿಸಿಕೊಂಡು ಊರಿಗೆ ಬಂದು ಮಲಗಿದರು. ಅವರ ಊರಿನ ವೈದ್ಯರಿಗೆ ಮಂಗನ ಕಾಯಿಲೆಯ ನೆನಪೇ ಬರುವ ಹಾಗಿರಲಿಲ್ಲ, ಏಕೆಂದರೆ ಅಲ್ಲಿ ಮಂಗ ಸತ್ತಿರಲಿಲ್ಲ.

ನಮ್ಮ ಮೂರು ತಾಲ್ಲೂಕಿನ ತೋಟಗಳಿಗೂ ಕೆಲಸಕ್ಕೆ ಹೊರಗಿನಿಂದ ಜನ ಬರುತ್ತಾರೆ. ಲೈನ್ ಮನೆಯಲ್ಲಿ ಇರುತ್ತಾರೆ, ಕಟ್ಟಿಗೆಗೆ ಕಾಡಂಚಿಗೆ ಹೋಗುತ್ತಾರೆ. ಉಣುಗು ಎಂಬ ಪದವೇ ಅವರಿಗೆ ಹೊಸದು. ಡೆಪಾ ಎಣ್ಣೆಯ ಪಟ್ಟಿಯಲ್ಲಿ ಅವರ ಹೆಸರು ಇರುತ್ತದೆಯೇ? ಊರಿಗೆ ವಾಪಸ್ ಹೋದ ಮೇಲೆ ಜ್ವರ ಬಂದರೆ ಕೊಪ್ಪದಲ್ಲಿ, ಎನ್.ಆರ್. ಪುರದಲ್ಲಿ ತೋಟದ ಕೆಲಸ ಮಾಡಿದ್ದೆ ಎಂದು ವೈದ್ಯರಿಗೆ ಹೇಳಬೇಕೆಂದು ಯಾರಾದರೂ ತಿಳಿಸಿದ್ದಾರೆಯೇ? 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನಲ್ಲೇ ಸಾವಾಗಿದೆ, ಇದು ದೂರದ ಮಾತಲ್ಲ.

ಕಟ್ಟೆಯ ಹಿರಿಯರಿಗೆ ನಾನು ಅರ್ಧ ಗಂಟೆ ಇಷ್ಟನ್ನೂ ಹೇಳಿದೆ. ಕೇಳಿಸಿಕೊಂಡು, ಎಲೆಯಡಿಕೆ ಉಗಿದು ಬಂದು ಅಂದರು: "ಹಂಗಾರೆ ಮೊನ್ನೆ ನಮ್ಮ ಹಾಡ್ಯದ ಹತ್ರ ಒಂದು ಮುಸುವ ಸತ್ತು ಬಿದ್ದಿತ್ತು. ನಾಯಿ ಎಳೀತದೆ ಅಂತ ಹುಡುಗರು ಕೋಲಲ್ಲಿ ತಳ್ಳಿ ಹಳ್ಳಕ್ಕೆ ಹಾಕಿದ್ರು. ಅದನ್ನ ಯಾರಿಗೆ ಹೇಳ್ಬೇಕಿತ್ತು?"

ಆಶಾ ಕಾರ್ಯಕರ್ತೆಗೆ, ಇಲ್ಲವೇ ಪಂಚಾಯಿತಿಗೆ, ಇಲ್ಲವೇ ಫಾರೆಸ್ಟ್ ಗಾರ್ಡ್‌ಗೆ, ಯಾರು ಮೊದಲು ಸಿಗುತ್ತಾರೋ ಅವರಿಗೆ. ಮುಟ್ಟದೆ, ಜಾಗ ಬದಲಿಸದೆ. ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಹೆಣ ಸುಟ್ಟು ಸುತ್ತ ಪುಡಿ ಹೊಡೆಯುತ್ತಾರೆ. ಆ ಹುಡುಗರಿಗೆ ಜ್ವರ ಬಂದಿದೆಯೇ ಎಂದು ಕೇಳಿದೆ. ಬಂದಿಲ್ಲವಂತೆ, ಎಂಟು ದಿನ ಕಳೆದಿದೆ. ಆಶಾ ಅಕ್ಕನಿಗೆ ಅಲ್ಲಿಂದಲೇ ಫೋನ್ ಮಾಡಿದೆವು.